ಹಳೇ ಕಾರಿನ ಮುಂದಿನ ಗಾಜು: ತೆಗೆಯುವುದು, ಕೂರಿಸುವುದು, ಹೊಳೆಯುವ ಪಟ್ಟಿ ಉಳಿಸಿಕೊಳ್ಳುವುದು

ಹಳೇ ಅಂಬಾಸಿಡರ್‌ಗೋ ಫಿಯೆಟ್‌ಗೋ ಪೂರ್ತಿ ಪೇಂಟ್ ಮಾಡಿಸಲು ಹೋದರೆ ಮೊದಲ ದಿನವೇ ಒಂದು ಪ್ರಶ್ನೆ ಬರುತ್ತದೆ. ಮುಂದಿನ ಗಾಜು ತೆಗೆಯಬೇಕಾ, ಬೇಡವಾ? ಪೇಂಟರ್ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಬೇಡ ಸಾರ್, ಸುಮ್ನೆ ಯಾಕೆ ರಿಸ್ಕು? ಬೀಡಿಂಗ್ ಮೇಲೆ ಟೇಪ್ ಹಾಕಿ ಹೊಡೆದುಬಿಡ್ತೀನಿ."

ಬೀಡಿಂಗ್ ಅಂದರೆ ಗಾಜಿನ ಸುತ್ತ ಇರುವ ರಬ್ಬರ್ ಚೌಕಟ್ಟು. ಆತ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಗಾಜು ಒಡೆದರೆ ಇನ್ನೊಂದನ್ನು ಹುಡುಕಬೇಕು. ಸುತ್ತಲಿನ ಹೊಳೆಯುವ ಪಟ್ಟಿ ಬಗ್ಗಿದರೆ ಇನ್ನೊಂದು ಸಿಗುವುದೇ ಕಷ್ಟ. ಆದರೆ ಇಂಥ ಕಾರುಗಳಲ್ಲಿ ಬೇಗ ತುಕ್ಕು ಹಿಡಿಯುವ ಜಾಗಗಳಲ್ಲಿ ಒಂದು ಇರುವುದು ಆ ಬೀಡಿಂಗ್‌ನ ಅಡಿಯಲ್ಲೇ. ಅದರಲ್ಲೂ ಗಾಜಿನ ಕೆಳಗಿನ ಎರಡು ಮೂಲೆಗಳಲ್ಲಿ. ಟೇಪ್ ಹಾಕಿ ಪೇಂಟ್ ಹೊಡೆದರೆ ತುಕ್ಕು ಒಳಗೇ ಉಳಿಯುತ್ತದೆ, ಹೊಸ ಬಣ್ಣ ಅದನ್ನು ಮುಚ್ಚಿಡುತ್ತದೆ ಅಷ್ಟೇ. ಮಳೆಗಾಲ ಬಂದು ಹೋಗುತ್ತಿದ್ದಂತೆ ಬೀಡಿಂಗ್ ಪಕ್ಕದಲ್ಲಿ ಬಣ್ಣ ಗುಳ್ಳೆ ಏಳಲು ಶುರು. ಟೇಪಿನ ಅಂಚಿನಲ್ಲಿ ಬಣ್ಣದ ಗೆರೆ ಬೇರೆ ಎದ್ದು ಕಾಣುತ್ತದೆ, ಅಲ್ಲಿಂದಲೇ ಸಿಪ್ಪೆ ಬಿಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಪೂರ್ತಿ ಪೇಂಟ್ ಅಂದಮೇಲೆ ಗಾಜು ಹೊರಗೆ ಬರಲೇಬೇಕು. ಆದರೆ ಕೈ ಹಾಕುವ ಮೊದಲು ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಅಂತ ತೀರ್ಮಾನ ಆಗಿರಬೇಕು. ಇಲ್ಲಿ ಅತ್ಯಂತ ಅಮೂಲ್ಯವಾದದ್ದು ಪಟ್ಟಿ. ಆಮೇಲೆ ಗಾಜು. ರಬ್ಬರ್ ಬೀಡಿಂಗ್ ಇವೆಲ್ಲಕ್ಕಿಂತ ಅಗ್ಗ, ಹೊಸದು ಸಿಗುತ್ತದೆ. ಎಷ್ಟೋ ಕಡೆ ನಡೆಯುವುದು ಇದರ ಉಲ್ಟಾ. ಗಟ್ಟಿಯಾಗಿ ಹೋದ ಹಳೇ ರಬ್ಬರನ್ನು ಉಳಿಸಲು ಹೋಗಿ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ. ಪಟ್ಟಿ ಬಾಗುತ್ತದೆ, ಗಾಜಿನ ಅಂಚು ಚಕ್ಕೆ ಏಳುತ್ತದೆ, ಕೊನೆಗೆ ಆ ರಬ್ಬರೂ ಹರಿಯುತ್ತದೆ.

ಗಾಜು ನಿಂತಿರುವುದು ಹೇಗೆ

ಇವತ್ತಿನ ಕಾರುಗಳಲ್ಲಿ ಮುಂದಿನ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸಿರುತ್ತಾರೆ. ಅಲ್ಲಿ ಗಾಜು ಬಾಡಿಯ ಬಲದಲ್ಲಿ ಪಾಲುದಾರ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಅದಕ್ಕೆ ಆಸರೆ ಕೊಡುವುದೂ ಹಲವು ಕಾರುಗಳಲ್ಲಿ ಅದೇ ಗಾಜು.

ಹಳೇ ಕಾರಿನಲ್ಲಿ ಹಾಗಲ್ಲ. ಅಲ್ಲಿ ಗಾಜನ್ನು ಹಿಡಿದಿರುವುದು ಬರೀ ರಬ್ಬರ್. ಬೀಡಿಂಗನ್ನು ಅಡ್ಡಡ್ಡ ಕತ್ತರಿಸಿ ತುದಿ ನೋಡಿದರೆ ಎರಡು ಕಾಲುವೆ ಕಾಣುತ್ತವೆ, ಒಂದು ಆ ಕಡೆಗೆ, ಒಂದು ಈ ಕಡೆಗೆ. ಒಂದರಲ್ಲಿ ಗಾಜಿನ ಅಂಚು ಕೂರುತ್ತದೆ. ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು ಕೂರುತ್ತದೆ. ಗಾಜಿನ ಕಿಂಡಿಯ ಸುತ್ತಲೂ ತಗಡುಗಳನ್ನು ಸೇರಿಸಿ ವೆಲ್ಡ್ ಮಾಡಿದ ತುಟಿಯಂಥ ಅಂಚು ಅದು. ಈ ಬರಹದಲ್ಲಿ ಅದನ್ನು ತಗಡಿನ ಅಂಚು ಅಂತಲೇ ಕರೆಯುತ್ತೇನೆ. ರಬ್ಬರಿನ ಎರಡು ತುಟಿಗಳು ಆ ತಗಡನ್ನು ಒಳಗಿನಿಂದ ಒಂದು, ಹೊರಗಿನಿಂದ ಒಂದು ಹಿಡಿದುಕೊಳ್ಳುತ್ತವೆ. ಅಂಟಿಲ್ಲ, ಸ್ಕ್ರೂ ಇಲ್ಲ. ಪಟ್ಟಿ ಇರುವ ಬೀಡಿಂಗ್ ಆದರೆ ಹೊರಮುಖದಲ್ಲಿ ಮೂರನೆಯ ಕಾಲುವೆ ಒಂದಿರುತ್ತದೆ.

ಗಾಜು ತೆಗೆಯುವುದು ಅಂದರೆ ಒಳಗಿನ ತುಟಿಯನ್ನು ತಗಡಿನಿಂದ ಬಿಡಿಸುವುದು, ರಬ್ಬರ್ ಬಲಿ ಕೊಡುವುದಾದರೆ ಗಾಜಿನ ಮೇಲಿನ ಹೊರತುಟಿಯನ್ನು ಕತ್ತರಿಸುವುದು. ಕೂರಿಸುವುದು ಅಂದರೆ ಅದೇ ತುಟಿಯನ್ನು ಮತ್ತೆ ತಗಡಿನ ಮೇಲೆ ಹತ್ತಿಸುವುದು. ಇಷ್ಟು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ರಬ್ಬರ್ ಹೊಸದಿದ್ದಾಗ ಮೆತ್ತಗಿರುತ್ತದೆ. ಬಿಸಿಲು ಮತ್ತು ಗಾಳಿಯ ಓಝೋನ್ ಸೇರಿ ವರ್ಷಗಟ್ಟಲೆ ಅದನ್ನು ಒಣಗಿಸುತ್ತವೆ. ಹಳೇ ಕುಕ್ಕರ್ ಗ್ಯಾಸ್ಕೆಟ್ ಹೇಗೆ ಗಟ್ಟಿಯಾಗಿ, ಚಿಕ್ಕದಾಗಿ, ಕೊನೆಗೆ ಬದಿಯಿಂದ ಆವಿ ಬಿಡುತ್ತದೋ ಹಾಗೇ ಇದೂ. ರಬ್ಬರ್ ಕುಗ್ಗಿದಾಗ ಮೊದಲು ಬಿಟ್ಟುಕೊಳ್ಳುವುದು ಮೂಲೆಗಳಲ್ಲಿ. ನೀರು ಇಳಿಯುವುದೂ ಅಲ್ಲೇ. ಇಳಿದ ನೀರು ಬಾಡಿ ಕಡೆಯ ಕಾಲುವೆಯಲ್ಲಿ ನಿಲ್ಲುತ್ತದೆ, ಒಣಗಲು ಗಾಳಿ ಇಲ್ಲ. ತುಕ್ಕಿಗೆ ಇನ್ನೇನು ಬೇಕು ಹೇಳಿ.

ಎಂಥ ಗಾಜು ಅಂತ ಮೊದಲೇ ತಿಳಿಯಬೇಕು

ಗಾಜಿನ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರಗಳ ಗುರುತು ಇರುತ್ತದೆ. ಟಫನ್ಡ್ (ಕಾಯಿಸಿ ಬಲ ಕೊಟ್ಟ ಒಂಟಿ ಗಾಜು) ಅಥವಾ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವ ಜೋಡಿ ಗಾಜು) ಅಂತ ಅದರಲ್ಲೇ ಬರೆದಿರುವುದುಂಟು. ಗುರುತು ಅಳಿಸಿ ಹೋಗಿದ್ದರೆ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಓರೆಯಾಗಿ ನೋಡಿ. ಟಫನ್ಡ್ ಗಾಜಿನಲ್ಲಿ ಮಸುಕಾದ ಚುಕ್ಕೆಗಳೋ ಪಟ್ಟೆಗಳೋ ಕಾಣುತ್ತವೆ. ಗಾಜು ಹೊರಬಂದ ಮೇಲಂತೂ ಅನುಮಾನವೇ ಇರುವುದಿಲ್ಲ, ಲ್ಯಾಮಿನೇಟೆಡ್ ಆದರೆ ಅಂಚಿನಲ್ಲಿ ಎರಡು ಪದರ ಮತ್ತು ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಜಾರಿಗೆ ಬಂದು 3 ವರ್ಷದ ನಂತರ ತಯಾರಾದ ಕಾರುಗಳಿಗೆ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರುವುದು ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರು, ಗಾಜು ಬದಲಾಗದೆ ಉಳಿದಿದೆ ಅಂದರೆ ಅದು ಟಫನ್ಡ್ ಆಗಿರುವ ಸಾಧ್ಯತೆ ಜಾಸ್ತಿ.

ಈ ಎರಡೂ ಗಾಜು ಒಡೆಯುವ ಕಾರಣ ಬೇರೆ ಬೇರೆ. ಕೈಚಳಕಕ್ಕಿಂತ ಈ ವ್ಯತ್ಯಾಸ ಗೊತ್ತಿರುವುದು ಮುಖ್ಯ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಮುಖಕ್ಕೆ ತಣ್ಣನೆ ಗಾಳಿ ರಭಸದಿಂದ ಬಿಡುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣ್ಣಗಾಗುತ್ತಾ ಕುಗ್ಗಲು ನೋಡುತ್ತದೆ, ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಪದರ ಸದಾ ಒತ್ತಡದಲ್ಲಿ, ಒಳಗೆ ಸದಾ ಸೆಳೆತ. ಇದರಿಂದ ಗಾಜಿಗೆ ಬಲ ಬರುತ್ತದೆ. ಅಂಗೈಯಿಂದ ಒತ್ತಿದರೆ, ಸ್ವಲ್ಪ ಬಾಗಿಸಿದರೆ ತಡೆದುಕೊಳ್ಳುತ್ತದೆ. ಆದರೆ ಅಂಚಿಗೆ ಚೂಪಾದ ಲೋಹದ ಏಟು ಬಿದ್ದು ಬಿರುಕು ಒಳಗಿನ ಸೆಳೆತದ ಪದರವನ್ನು ಮುಟ್ಟಿತೋ, ಇಡೀ ಗಾಜು ಆ ಕ್ಷಣದಲ್ಲೇ ಪುಡಿ. ಇದೇ ಕಾರಣಕ್ಕೆ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲೂ ಆಗದು.

ಲ್ಯಾಮಿನೇಟೆಡ್ ಅಂದರೆ ಎರಡು ಸಾಧಾರಣ ಗಾಜಿನ ನಡುವೆ ಪ್ಲಾಸ್ಟಿಕ್ ಪದರ. ಫ್ರೆಂಚ್ ರಸಾಯನ ವಿಜ್ಞಾನಿ ಎಡ್ವಾರ್ಡ್ ಬೆನೆಡಿಕ್ಟಸ್ ಕೈಯಿಂದ ಬಿದ್ದ ಫ್ಲಾಸ್ಕ್ ಒಂದು ಚೂರಾಗದೆ ಉಳಿಯಿತು, ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಅದನ್ನು ಹಿಡಿದುಕೊಂಡಿತ್ತು ಅನ್ನುವ ಕಥೆ ಪ್ರಸಿದ್ಧ. 1909ರಲ್ಲಿ ಆತ ಪೇಟೆಂಟ್ ಪಡೆದ. ಈಗ ನಡುವೆ ಇರುವುದು ಪಿವಿಬಿ ಅನ್ನುವ ಪ್ಲಾಸ್ಟಿಕ್. ಈ ಗಾಜಿಗೆ ತಿರುಚುವುದು ಆಗಿಬರುವುದಿಲ್ಲ. ಒಂದು ಮೂಲೆ ಕೂತಿದೆ, ಎದುರಿನ ಮೂಲೆ ಕೂತಿಲ್ಲ, ಅದನ್ನು ಬಲವಂತವಾಗಿ ಒತ್ತಿದರೆ ಅಂಚಿನಿಂದ ಒಂದು ಬಿರುಕು ಸದ್ದಿಲ್ಲದೆ ಓಡುತ್ತದೆ. ಅಂಚಿನಲ್ಲಿ ನೀರು ನಿಂತು ನಿಂತು ಪದರ ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಹೋಗಿಸಲು ಯಾವ ಮದ್ದೂ ಇಲ್ಲ. ಪೆಟ್ರೋಲ್, ಥಿನ್ನರ್ ಅಂಚಿಗೆ ತಾಗದಂತೆ ನೋಡಿಕೊಳ್ಳಿ, ಅವು ನಡುವಿನ ಪದರಕ್ಕೆ ಇಳಿಯಬಲ್ಲವು.

ಒಟ್ಟಿನಲ್ಲಿ ಟಫನ್ಡ್ ಆದರೆ ಅಂಚನ್ನು ಕಾಯಿರಿ, ಲ್ಯಾಮಿನೇಟೆಡ್ ಆದರೆ ತಿರುಚದಂತೆ ಕಾಯಿರಿ.

ಗಾಜು ಬದಲಿಸುವುದೇ ಆದರೆ ಟಫನ್ಡ್ ಬಿಟ್ಟು ಲ್ಯಾಮಿನೇಟೆಡ್‌ಗೆ ಹೋಗಿ. ಹೆದ್ದಾರಿಯಲ್ಲಿ ಕಲ್ಲು ಹಾರಿ ಬಿದ್ದಾಗ ಎದುರಿನ ಗಾಜು ಏಕಾಏಕಿ ಮಂಜಾಗಿ ರಸ್ತೆಯೇ ಕಾಣದಂತಾಗುವುದು ಹುಡುಗಾಟವಲ್ಲ. ಆದರೆ ದಪ್ಪ ಅಳೆಯಿರಿ. ಹೊಸ ಗಾಜು ಹಳೆಯದಕ್ಕಿಂತ ದಪ್ಪ ಇದ್ದರೆ ಬೀಡಿಂಗ್ ಕಾಲುವೆಗೆ ಅದು ಹೊಂದುತ್ತದಾ ನೋಡಬೇಕು. ಜೀಪಿನಂಥ ಚಪ್ಪಟೆ ಗಾಜಿನ ವಾಹನ ಇಟ್ಟುಕೊಂಡವರಿಗೆ ಇಲ್ಲಿ ಅನುಕೂಲ. ಚಪ್ಪಟೆ ಲ್ಯಾಮಿನೇಟೆಡ್ ಹಾಳೆಯನ್ನು ರಟ್ಟಿನ ಅಚ್ಚು ಕೊಟ್ಟು ಗಾಜಿನ ಅಂಗಡಿಯಲ್ಲೇ ಕತ್ತರಿಸಿಕೊಳ್ಳಬಹುದು. 1956ರವರೆಗಿನ ಮೋರಿಸ್ ಮೈನರ್‌ನ ಎರಡು ತುಂಡಿನ ಮುಂದಿನ ಗಾಜೂ ಇದೇ ಜಾತಿ. ಬಾಗಿದ ಗಾಜಿನವರಿಗೆ ಆ ದಾರಿಯಿಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಹಾಗಾಗಿ ಅದರ ಸಾಮಾನು ಇನ್ನೂ ಹುಡುಕಿದರೆ ಸಿಗುತ್ತದೆ. ಅಪರೂಪದ ವಿದೇಶಿ ಕಾರಾದರೆ ಬದಲಿ ಗಾಜು ಎಲ್ಲಿ ಸಿಗುತ್ತದೆ ಅಂತ ಖಾತ್ರಿ ಆಗುವವರೆಗೆ ಇರುವುದಕ್ಕೆ ಕೈ ಹಚ್ಚಬೇಡಿ.

ಕ್ರೋಮ್ ಅನ್ನುವುದೆಲ್ಲ ಕ್ರೋಮ್ ಅಲ್ಲ

ಪಟ್ಟಿಯ ವಿಷಯಕ್ಕೆ ಬರೋಣ. ಹೊಳೆಯುವುದಕ್ಕೆಲ್ಲ ನಾವು ಕ್ರೋಮ್ ಅನ್ನುತ್ತೇವೆ. ಆದರೆ ಗಾಜಿನ ಸುತ್ತಲಿನ ಪಟ್ಟಿ ಹೆಚ್ಚಾಗಿ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆಗೆ ಕ್ರೋಮ್ ಲೇಪಿಸಿದ್ದು ಇನ್ನೂ ಹಳೆಯ ಕಾರುಗಳಲ್ಲಿ ಕಾಣುತ್ತದೆ. ಯಾವುದು ಅಂತ ತಿಳಿಯದೆ ಪಾಲಿಶ್ ಅಂಗಡಿಗೆ ಕೊಟ್ಟರೆ ಕೆಲಸ ಕೆಡುತ್ತದೆ.

ಕೈಯಲ್ಲಿ ಹಿಡಿದರೆ ಅಲ್ಯೂಮಿನಿಯಂ ತೀರಾ ಹಗುರ, ಬೆರಳಲ್ಲೇ ಬಾಗುತ್ತದೆ. ಅದರ ಹೊಳಪು ಉಳಿದಿರುವುದು ಆನೋಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಮೇಲ್ಮೈಯಲ್ಲಿ ಬೆಳೆಸಿದ, ತೆಳು ಪದರದಿಂದ. ಆ ಪದರದ ಮೇಲೆ ಎಷ್ಟು ಪಾಲಿಶ್ ಉಜ್ಜಿದರೂ ಅಡಿಯ ಮಂಕು ಹೋಗದು. ಮೊದಲು ಆ ಪದರ ತೆಗೆಸಿ, ಬಫ್ ಮಾಡಿಸಿ (ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಬರಿಸಿ), ಮತ್ತೆ ಆನೋಡೈಸ್ ಮಾಡಿಸಬೇಕು. ಪದರ ತೆಗೆಯಲು ಕಾಸ್ಟಿಕ್ ಸೋಡಾ ಬಳಸುತ್ತಾರೆ, ಅದು ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಪಟ್ಟಿಯೇ ಸವೆದು ಹೋಗುತ್ತದೆ, ಅನುಭವಸ್ಥರಿಗೇ ಕೊಡಿ. ಸ್ಟೇನ್‌ಲೆಸ್ ಈ ಮೂರರಲ್ಲಿ ಪುಣ್ಯಾತ್ಮ. ಸಣ್ಣ ತಗ್ಗುಗಳನ್ನು ಹಿಂಬದಿಯಿಂದ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಬಹುದು, ಉಜ್ಜಿ ಬಫ್ ಮಾಡಿದರೆ ಹೊಸದರಂತಾಗುತ್ತದೆ. ಹಿತ್ತಾಳೆಯದ್ದಾದರೆ ಹಳೇ ಲೇಪ ತೆಗೆಸಿ ತಾಮ್ರ, ನಿಕ್ಕಲ್, ಕ್ರೋಮ್ ಅಂತ ಮತ್ತೆ ಲೇಪ ಮಾಡಿಸುವುದೇ ದಾರಿ.

ಪಟ್ಟಿ ಕೂತಿರುವ ರೀತಿಯಲ್ಲೂ ಬಗೆಗಳಿವೆ. ಇದನ್ನು ತಪ್ಪಾಗಿ ಊಹಿಸಿದರೆ ಕೆಲಸದ ಕ್ರಮವೇ ತಲೆಕೆಳಗಾಗುತ್ತದೆ.

ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಅಲ್ಯೂಮಿನಿಯಂ ಪಟ್ಟಿಗೆ ಹಿಂಬದಿಯಲ್ಲಿ ಮಡಚಿದ ಅಂಚು ಇದೆ, ಅದು ಬೀಡಿಂಗ್‌ನ ಮೂರನೆಯ ಕಾಲುವೆಯಲ್ಲಿ ಕಚ್ಚಿಕೊಂಡಿರುತ್ತದೆ. ಅಲ್ಲಿ ಮೊದಲು ಬೀಡಿಂಗನ್ನು ಗಾಜಿಗೆ ಹಾಕಬೇಕು. ಆಮೇಲೆ ಮೇಜಿನ ಮೇಲೇ ಪಟ್ಟಿಯನ್ನು ಬೀಡಿಂಗ್‌ಗೆ ಸೇರಿಸಬೇಕು. ಆಮೇಲೆ ಮೂರನ್ನೂ ಒಟ್ಟಿಗೆ ಕಾರಿಗೆ ಕೂರಿಸಬೇಕು. ಕಾರಿಗೆ ಕೂರಿಸಿ ಆಮೇಲೆ ಪಟ್ಟಿ ತುರುಕೋಣ ಅಂತ ಹೊರಟವರು ಪಟ್ಟಿ ಹಾಳು ಮಾಡಿಕೊಳ್ಳುತ್ತಾರೆ, ಯಾಕಂದರೆ ಆಗ ರಬ್ಬರ್ ಗಾಜು ಮತ್ತು ತಗಡಿನ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ, ಕಾಲುವೆ ಬಾಯಿ ತೆರೆಯುವುದೇ ಇಲ್ಲ.

ಬ್ರಿಟನ್ನಿನ ಮಿನಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬೀಡಿಂಗ್ ಸಡಿಲವಾಗೇ ಕೂರುತ್ತದೆ, ಗಾಜೂ ಸುಲಭವಾಗಿ ಒಳಗೆ ಹೋಗುತ್ತದೆ. ಎಲ್ಲ ಆದಮೇಲೆ ಹೊರಗಿನ ಕಾಲುವೆಗೆ ಒಂದು ಬೀಗದ ಪಟ್ಟಿ ತುಂಬುತ್ತಾರೆ. ಅದು ಒಳಗೆ ಹೋದಾಗಲೇ ರಬ್ಬರ್ ಅಗಲಗೊಂಡು ಗಾಜನ್ನೂ ತಗಡನ್ನೂ ಬಿಗಿಯಾಗಿ ಹಿಡಿಯುವುದು. ಇದಕ್ಕೆ ಒಂದು ಸಣ್ಣ ಉಪಕರಣ ಇದೆ: ಹಿಡಿ, ಅದರ ತುದಿಯಲ್ಲಿ ಕಣ್ಣಿನಾಕಾರದ ತಂತಿಯ ಬಳೆ. ಪಟ್ಟಿಯನ್ನು ಬಳೆಯೊಳಗೆ ತೂರಿಸಿ ಕಾಲುವೆಯ ಉದ್ದಕ್ಕೂ ಎಳೆದರೆ ಬಳೆ ರಬ್ಬರಿನ ಬಾಯಿ ತೆರೆಯುತ್ತಾ ಹೋಗುತ್ತದೆ, ಪಟ್ಟಿ ಹಿಂದೆಯೇ ಅದರಲ್ಲಿ ಇಳಿಯುತ್ತದೆ. ಇಂಥ ಕಾರಿನಲ್ಲಿ ಗಾಜು ತೆಗೆಯುವಾಗ ಮೊದಲು ಈ ಪಟ್ಟಿಯ ತುದಿ ಹುಡುಕಿ ಎಳೆದು ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

60ರ ದಶಕದ ಹಲವು ಅಮೆರಿಕನ್ ಕಾರುಗಳಲ್ಲಿ ಪಟ್ಟಿಗೂ ರಬ್ಬರ್‌ಗೂ ಸಂಬಂಧವೇ ಇಲ್ಲ. ಅಗಲವಾದ ಸ್ಟೇನ್‌ಲೆಸ್ ಪಟ್ಟಿಗಳನ್ನು ಬಾಡಿಗೆ ಹಾಕಿದ ಕ್ಲಿಪ್‌ಗಳು ಹಿಡಿದಿರುತ್ತವೆ. ಗಾಜು ಮತ್ತು ಪಟ್ಟಿಯ ನಡುವೆ ತೆಳ್ಳನೆಯ ಕೊಕ್ಕೆ ತೂರಿಸಿ, ತಡವಿ, ಕ್ಲಿಪ್ ಸಿಕ್ಕಲ್ಲಿ ಅದನ್ನು ಹಿಂದಕ್ಕೆ ಎಳೆದು ಬಿಡಿಸಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಯೇ ನೋಡಬೇಕು.

ನಮ್ಮಲ್ಲಿ ಓಡಾಡಿದ ಕಾರುಗಳಲ್ಲಿ ಇನ್ನೊಂದು ತೊಡಕು. 1964ರ ಫಿಯೆಟ್ 1100 ಡಿಲೈಟ್ ಇರಲಿ, ಆಮೇಲಿನ ಪ್ರೀಮಿಯರ್ ಪದ್ಮಿನಿ ಇರಲಿ, ಇಷ್ಟು ವರ್ಷಗಳಲ್ಲಿ ಗಾಜೋ ಬೀಡಿಂಗೋ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಮೂಲ ಪಟ್ಟಿ ಹೋಗಿ ಮೀಟರ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಬೆಳ್ಳಿಪಟ್ಟಿ ಬಂದು ಕೂತಿರುತ್ತದೆ. ಪುಸ್ತಕದಲ್ಲಿ ಇರುವುದನ್ನು ನಂಬಿ ಹೊರಡಬೇಡಿ, ನಿಮ್ಮ ಕಾರಿನಲ್ಲಿ ಏನಿದೆ ಅಂತ ಮೂಲೆಯಲ್ಲಿ ಬಗ್ಗಿ ನೋಡಿ.

ತೆಗೆಯುವುದು

ವೈಪರ್ ತೋಳು, ಒಳಗಿನ ಕನ್ನಡಿ, ಸನ್ ವೈಸರ್ ಬಿಚ್ಚಿಡಿ. ಬಾನೆಟ್ ಮೇಲೂ ಡ್ಯಾಶ್‌ಬೋರ್ಡ್ ಮೇಲೂ ಹಳೇ ಕಂಬಳಿ ಹಾಸಿ. ಡ್ಯಾಶ್‌ಬೋರ್ಡ್ ಮೇಲೆ ಗಾಜಿಗೆ ಗಾಳಿ ಬಿಡುವ ಸೀಳುಗಳಿದ್ದರೆ ಅವಕ್ಕೆ ಟೇಪ್ ಅಂಟಿಸಿ. ಟಫನ್ಡ್ ಗಾಜು ಪುಡಿಯಾದರೆ ಚೂರುಗಳು ಆ ಕೊಳವೆಯೊಳಗೆ ಇಳಿಯುತ್ತವೆ. ತಿಂಗಳು ಕಳೆದ ಮೇಲೆ ಬ್ಲೋವರ್ ಹಾಕಿದಾಗ ಅದೇ ಚೂರು ಮುಖಕ್ಕೆ ಹಾರುತ್ತದೆ. ಕೈಗವಸು, ಕಣ್ಣಿಗೆ ಗಾಗಲ್ ಕಡ್ಡಾಯ.

ಮೊದಲು ಪಟ್ಟಿ. ಸಾಮಾನ್ಯವಾಗಿ ಮೇಲೆ ಕೆಳಗೆ ನಡುಮಧ್ಯದಲ್ಲಿ ಎರಡು ತುಂಡು ಸೇರುವಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ಪಕ್ಕಕ್ಕೆ ಜಾರಿಸಿ. ಈಗ ಬೀಡಿಂಗನ್ನು ಬಲಿ ಕೊಡುವ ಸಮಯ. ಪಟ್ಟಿಯನ್ನು ಹಿಡಿದಿರುವ ರಬ್ಬರ್ ತುಟಿಯನ್ನು ಹರಿತವಾದ ಬ್ಲೇಡಿನಿಂದ ಪಟ್ಟಿಯ ಉದ್ದಕ್ಕೂ ಸೀಳಿ. ಬ್ಲೇಡ್ ಲೋಹಕ್ಕೆ ತಾಗಬಾರದು, ಪೇಂಟ್ ಕಡೆ ಜಾರಬಾರದು. ತುಟಿ ಹೋದಮೇಲೆ ಪಟ್ಟಿಗೆ ಹಿಡಿತವೇ ಇಲ್ಲ, ಎತ್ತಿದರೆ ಬರುತ್ತದೆ. ಮೀಟುವ ಅಗತ್ಯವೇ ಇಲ್ಲ. ಅಲ್ಯೂಮಿನಿಯಂ ಒಮ್ಮೆ ಮುರುಟಿದರೆ ಆ ಜಾಗ ಗಟ್ಟಿಯಾಗಿಬಿಡುತ್ತದೆ. ಆಮೇಲೆ ನೆಟ್ಟಗೆ ಮಾಡಲು ಹೋದರೆ ಪಕ್ಕದಲ್ಲಿ ಬಾಗುತ್ತದೆ ಹೊರತು ಮುರುಟು ಹೋಗದು. ಬೆಳಕು ಬಿದ್ದಾಗಲೆಲ್ಲ ಆ ಗೆರೆ ಕಾಣುತ್ತಲೇ ಇರುತ್ತದೆ.

ತೆಗೆದ ಪಟ್ಟಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಉದ್ದನೆಯ ಹಲಗೆಯ ಮೇಲೆ ಮಲಗಿಸಿ, ಬಟ್ಟೆ ಚೂರಿನಿಂದ ಅಲ್ಲಲ್ಲಿ ಕಟ್ಟಿ, "ಮೇಲೆ ಬಲ", "ಕೆಳಗೆ ಎಡ" ಅಂತ ಟೇಪಿನ ಮೇಲೆ ಬರೆದಿಡಿ. ಆ ಚಿಕ್ಕ ಮುಚ್ಚಳಗಳನ್ನು ಒಂದು ಡಬ್ಬಿಗೆ ಹಾಕಿ ಮನೆಗೆ ಒಯ್ಯಿರಿ. ಗ್ಯಾರೇಜಿನಲ್ಲಿ ಮೊದಲು ಕಳೆದುಹೋಗುವುದು ಅವೇ.

ಆಮೇಲೆ ಗಾಜು. ಹೊರಗಿನಿಂದ, ಗಾಜಿನ ಮೇಲೆ ಮಲಗಿರುವ ರಬ್ಬರ್ ತುಟಿಯನ್ನು ಸುತ್ತಲೂ ಕತ್ತರಿಸಿ ತೆಗೆಯಿರಿ. ಗಾಜಿನ ಅಂಚು ಬರಿದಾಗಿ ಕಾಣಬೇಕು. ಹೊರಗೆ ಇಬ್ಬರು ನಿಂತು ಗಾಜಿಗೆ ಕೈ ಕೊಡಲಿ. ಒಳಗಿರುವವರು ಮೇಲಿನ ಒಂದು ಮೂಲೆಯಿಂದ ಶುರು ಮಾಡಿ ಅಂಗೈ ಅಗಲಿಸಿ ಮೆಲ್ಲಗೆ ಒತ್ತುತ್ತಾ ಮೇಲಂಚಿನ ಉದ್ದಕ್ಕೂ ಬರಲಿ. ಸೀಟಿನಲ್ಲಿ ಮಲಗಿ ಎರಡೂ ಕಾಲಿನಿಂದ ಒದ್ದು ತೆಗೆಯುವ ಹಳೇ ಪದ್ಧತಿ ಒಂದಿದೆ. ತೋರಿಸಲು ಚೆನ್ನಾಗಿರುತ್ತದೆ, ಬಲ ಒಂದೇ ಕಡೆ ಬೀಳುತ್ತದೆ. ನಾನಂತೂ ಒಪ್ಪುವುದಿಲ್ಲ.

ಹೊರಬಂದ ಗಾಜು ಸಿಮೆಂಟ್ ನೆಲ ಮುಟ್ಟಬಾರದು. ಕಂಬಳಿ ಹಾಸಿದ ಎರಡು ಮರದ ತುಂಡಿನ ಮೇಲೆ ಅಂಚು ಕೂರಿಸಿ, ಯಾರೂ ಓಡಾಡದ ಮೂಲೆಯಲ್ಲಿ ಒರಗಿಸಿಡಿ.

ತಗಡಿನ ಅಂಚು

ಉಳಿದ ರಬ್ಬರ್ ಎಳೆದು ತೆಗೆದಾಗ ಕಾಣುವ ದೃಶ್ಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಹಿಂದಿನವರು ತುಂಬಿದ ಕಪ್ಪು ಅಂಟು, ಅದರಡಿ ಕಂದು ಪುಡಿ, ಕೆಲವು ಕಡೆ ತಗಡೇ ಇಲ್ಲ. ಕರಾವಳಿಯಲ್ಲಿ ಓಡಿದ ಕಾರಾದರೆ ಹೇಳುವುದೇ ಬೇಡ.

ಇಲ್ಲಿ ಟಿಂಕರಿಂಗ್ ಮಾಡುವವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಈ ಅಂಚಿನ ಮೇಲೆ ಪುಟ್ಟಿ ಹಚ್ಚಬೇಡಿ. ತೂತಾಗಿದ್ದರೆ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿ, ಉಬ್ಬಿದ್ದನ್ನು ಗ್ರೈಂಡ್ ಮಾಡಿ ಮೂಲ ದಪ್ಪಕ್ಕೆ ತನ್ನಿ. ಬೀಡಿಂಗ್ ಕಾಲುವೆಗೆ ಒಂದು ಅಳತೆ ಇದೆ. ಅಂಚು ದಪ್ಪವಾದರೆ ರಬ್ಬರ್ ತುಟಿ ಪೂರ್ತಿ ಕೂರುವುದಿಲ್ಲ. ಕಿಂಡಿಯ ಬಾಯಿ ಪುಟ್ಟಿಯಿಂದ ಚಿಕ್ಕದಾದರೆ ಗಾಜು ಸದಾ ಒತ್ತಡದಲ್ಲಿರುತ್ತದೆ, ಒಂದು ದಿನ ಹಂಪ್ ಹಾರಿದಾಗ ಬಿರುಕು ಬಿಡುತ್ತದೆ. ಆಗ ಎಲ್ಲರೂ ಗಾಜಿನ ಕ್ವಾಲಿಟಿ ಸರಿಯಿಲ್ಲ ಅನ್ನುತ್ತಾರೆ. ಪೇಂಟ್ ಮಾಡುವ ಮೊದಲೇ ಬೀಡಿಂಗ್ ಇಲ್ಲದೆ ಗಾಜನ್ನು ಕಿಂಡಿಗೆ ಹಿಡಿದು ಸುತ್ತಲೂ ಸಂದು ಒಂದೇ ಸಮ ಇದೆಯಾ ನೋಡಿಬಿಡಿ. ಆಗಲಾದರೆ ಸರಿಪಡಿಸಬಹುದು.

ಪ್ರೈಮರ್, ಪೇಂಟ್ ಈ ಅಂಚಿನ ಒಳಬದಿಗೂ ಬೀಳಬೇಕು. ಪೇಂಟ್ ಪೂರ್ತಿ ಗಟ್ಟಿಯಾಗುವವರೆಗೆ ಕಾಯಿರಿ. ಹಸಿ ಪೇಂಟ್ ಮೇಲೆ ರಬ್ಬರ್ ಎಳೆದರೆ ಬಣ್ಣ ಕಿತ್ತು ಬರುತ್ತದೆ.

ಕೂರಿಸುವುದು

ಹೊಸ ಬೀಡಿಂಗ್ ತರಲು ಹೋಗುವಾಗ ಹಳೆಯದರ ತುಂಡನ್ನು ಜೊತೆಗೆ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಅಷ್ಟೇ, ಹೊರದೇಶದಿಂದ ತರಿಸಿದರೂ ಅಷ್ಟೇ, ಕಾರಿನ ಹೆಸರು ಹೇಳಿ ತರುವುದಕ್ಕಿಂತ ಕತ್ತರಿಸಿದ ತುದಿಯನ್ನು ಪಕ್ಕದಲ್ಲಿಟ್ಟು ನೋಡುವುದು ವಾಸಿ. ಮೂಲೆಗಳು ಅಚ್ಚಿನಲ್ಲೇ ಬಂದ ಪೂರ್ತಿ ಬಳೆ ಸಿಕ್ಕರೆ ಉತ್ತಮ. ಉದ್ದ ಪಟ್ಟಿಯಾಗಿ ಸಿಕ್ಕರೆ ಎಳೆದು ಅಳೆಯಬೇಡಿ. ಸ್ವಲ್ಪ ಉದ್ದವಾಗೇ ಕತ್ತರಿಸಿ, ಒತ್ತಿ ಸೇರಿಸಿ. ರಬ್ಬರ್ ಮುಂದೆ ಕುಗ್ಗುವುದು ಖಂಡಿತ, ಎಳೆದು ಹಾಕಿದರೆ ಜಾಯಿಂಟ್ ಬಾಯಿ ಬಿಡುತ್ತದೆ.

ಬೀಡಿಂಗನ್ನು ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಳ್ಳಿ. ಗಾಜನ್ನು ಕಂಬಳಿಯ ಮೇಲೆ ಮಲಗಿಸಿ ಬೀಡಿಂಗ್ ಹಾಕಿ, ಮೂಲೆಗಳಿಂದ ಶುರು ಮಾಡಿ. ಪಟ್ಟಿ ಮೊದಲೇ ಹಾಕುವ ಬಗೆಯಾದರೆ ಈಗ ಹಾಕಿ. ಪಟ್ಟಿ ಕೂರುವ ಕಾಲುವೆಗೆ ತೆಳ್ಳನೆಯ ದಾರ ಇಟ್ಟು, ಅದನ್ನು ಎಳೆಯುತ್ತಾ ರಬ್ಬರ್ ತುಟಿ ಪಟ್ಟಿಯ ಮೇಲೆ ಬರುವಂತೆ ಮಾಡಬಹುದು.

ಇನ್ನು ದೊಡ್ಡ ಕೆಲಸ. 4-5 ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹಗ್ಗವನ್ನು ತಗಡಿನ ಅಂಚು ಕೂರುವ ಕಾಲುವೆಯೊಳಗೆ ಸುತ್ತಲೂ ಇಡಿ. ಎರಡೂ ತುದಿ ಕೆಳಗೆ ನಡುವಲ್ಲಿ ಒಂದು ಗೇಣಿನಷ್ಟು ಒಂದರ ಮೇಲೊಂದು ಹಾದು, ಕಾರಿನ ಒಳಗೆ ನೇತಾಡುವಂತಿರಲಿ. ಕಾಲುವೆಗೂ ತಗಡಿಗೂ ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್ ಬೇಡ, ಅವು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ಸಿಲಿಕಾನ್ ಸ್ಪ್ರೇ ಚೆನ್ನಾಗಿ ಜಾರುತ್ತದೆ ನಿಜ, ಆದರೆ ಪೇಂಟ್ ಬೂತ್ ಪಕ್ಕದಲ್ಲಿ ಅದನ್ನು ಹೊಡೆದರೆ ಪೇಂಟರ್ ನಿಮ್ಮನ್ನು ಓಡಿಸುತ್ತಾನೆ. ಸಿಲಿಕಾನ್ ಬಿದ್ದ ಜಾಗದಲ್ಲಿ ಹೊಸ ಪೇಂಟ್ ಕೂರದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಹೊರಗಿನಿಂದ ಇಬ್ಬರು ಗಾಜನ್ನು ಎತ್ತಿ ಕಿಂಡಿಯ ನಡುವೆ ಸರಿಯಾಗಿ ಕೂರಿಸಿ, ಕೆಳಕ್ಕೆ ಮತ್ತು ಒಳಕ್ಕೆ ಒತ್ತಿ ಹಿಡಿಯಲಿ. ಒಳಗಿರುವವರು ಹಗ್ಗದ ಒಂದು ತುದಿಯನ್ನು ಗಾಜಿನ ಮಧ್ಯದ ಕಡೆಗೆ ನಿಧಾನವಾಗಿ ಎಳೆಯಲಿ. ಹಗ್ಗ ಬರುತ್ತಾ ರಬ್ಬರಿನ ಒಳತುಟಿಯನ್ನು ಎತ್ತಿ ತಗಡಿನ ಮೇಲೆ ಮಗುಚುತ್ತದೆ. ಟಪ್ ಅಂತ ಒಂದು ಮೆತ್ತನೆ ಸದ್ದು ಕೇಳಿಸುತ್ತದೆ. ಮೊದಲು ಕೆಳಗಿನ ಅಂಚು, ಆಮೇಲೆ ಎರಡೂ ಬದಿ ಸಮಸಮವಾಗಿ, ಕೊನೆಗೆ ಮೇಲೆ. ಹೊರಗಿನವರ ಅಂಗೈ ಹಗ್ಗ ಬರುತ್ತಿರುವ ಜಾಗದ ಎದುರಿಗೇ ಇರಬೇಕು. "ಅಣ್ಣ, ಎಡಗಡೆ ಒತ್ತು... ಸಾಕು, ಈಗ ಮೂಲೆ" ಅಂತ ಒಳಗಿನವರು ಹೇಳುತ್ತಿರಬೇಕು. ಮಾತಿಲ್ಲದೆ ಈ ಕೆಲಸ ಆಗದು.

ಹಗ್ಗ ಸಿಕ್ಕಿಕೊಂಡರೆ ಜಗ್ಗಬೇಡಿ, ರಬ್ಬರ್ ಸೀಳುತ್ತದೆ. ನಿಲ್ಲಿಸಿ, ಇನ್ನಷ್ಟು ಸೋಪಿನ ನೀರು ಹಾಕಿ, ತುದಿ ಮೊಂಡು ಮಾಡಿದ ಮರದ ಕಡ್ಡಿಯಿಂದ ತುಟಿ ಎತ್ತಿಕೊಡಿ. ಗಾಜಿನ ಹತ್ತಿರ ಸ್ಕ್ರೂಡ್ರೈವರ್ ತರಲೇಬೇಡಿ. ಎಲ್ಲ ಕೂತಮೇಲೆ ಹೊರಗಿನಿಂದ ಅಂಗೈಯಲ್ಲಿ ಸುತ್ತಲೂ ತಟ್ಟಿ. ಒಂದು ಕಡೆ ಎಷ್ಟು ಮಾಡಿದರೂ ಕೂರುತ್ತಿಲ್ಲ ಅಂದರೆ ಮತ್ತೆ ಹೊರತೆಗೆದು ತಗಡನ್ನು ನೋಡಿ. ಅಲ್ಲಿ ತೊಂದರೆ ಇರುವುದು ನಿಮ್ಮ ಕೈಯಲ್ಲಲ್ಲ, ಅಳತೆಯಲ್ಲಿ.

ಅಂಟು ಬೇಕಾ?

ಹೊಸ ರಬ್ಬರ್ ಸರಿಯಾಗಿ ಕೂತರೆ ಎಷ್ಟೋ ಕಾರಿಗೆ ಬೇಡ. ಬೇಕೆನಿಸಿದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬಗೆಯ ಸೀಲೆಂಟ್ ತನ್ನಿ, ಹೊರತುಟಿ ಎತ್ತಿ ತೆಳ್ಳಗೆ ತುಂಬಿ. ಇವತ್ತಿನ ಗಾಜು ಕೂರಿಸುವವರು ಅಭ್ಯಾಸಬಲದಿಂದ ಪಾಲಿಯುರೆಥೇನ್ ಟ್ಯೂಬ್ ಹಿಡಿದು ಬರುತ್ತಾರೆ. ಬೇಡ ಅನ್ನಿ. ಅದು ಹಾಕಿದರೆ ಮುಂದಿನ ಸಲ ಗಾಜು ಇಡಿಯಾಗಿ ಹೊರಬರುವುದು ಕಷ್ಟ. ಬಾತ್‌ರೂಮಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಇನ್ನೂ ಕೆಟ್ಟದ್ದು. ಒಣಗುವಾಗ ಅದು ಬಿಡುವ ಆಮ್ಲವೇ ತಗಡಿಗೆ ತುಕ್ಕು ಹಿಡಿಸುತ್ತದೆ.

ನೀರಿನ ಪರೀಕ್ಷೆ ಮಾಡುವಾಗ ಪ್ರೆಶರ್ ವಾಷ್ ಬೇಡ, ಸಾಧಾರಣ ಪೈಪ್ ಸಾಕು. ಕೆಳಗಿನ ಅಂಚಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಒಬ್ಬರು ಒಳಗೆ ಟಾರ್ಚ್ ಹಿಡಿದು, ಅಂಚಿನ ಉದ್ದಕ್ಕೂ ಟಿಶ್ಯೂ ಕಾಗದ ಒತ್ತುತ್ತಾ ಕೂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಎಡಮೂಲೆಯಲ್ಲಿ ಇಳಿದ ನೀರು ಕಾಲುವೆಯಲ್ಲೇ ಓಡಿ ಬಲಗಡೆ ಕಾಲ ಮೇಲೆ ತೊಟ್ಟಿಕ್ಕುವುದುಂಟು. ಬೀಡಿಂಗ್ ಸುತ್ತ ಕಾಗದ ಒಣಗೇ ಇದ್ದು ಕಾರ್ಪೆಟ್ ಮಾತ್ರ ಒದ್ದೆಯಾಗುತ್ತಿದ್ದರೆ ಗಾಜನ್ನು ಮತ್ತೆ ಮುಟ್ಟಬೇಡಿ. ಬಾನೆಟ್ ಹಿಂದೆ ಒಳಗೆ ಗಾಳಿ ಬರುವ ಕಿಂಡಿ, ಅದರ ನೀರು ಹೊರಹೋಗುವ ಕೊಳವೆ, ವೈಪರ್ ತೋಳು ಹೊರಬರುವ ತೂತಿನ ರಬ್ಬರ್ ಬುಷ್, ಇವನ್ನು ನೋಡಿ. ಮರದ ಕೆಳಗೆ ನಿಲ್ಲಿಸಿದ ಕಾರಾದರೆ ಆ ಕೊಳವೆಯಲ್ಲಿ ಒಂದು ಹಿಡಿ ಕೊಳೆತ ಎಲೆ ಸಿಗುತ್ತದೆ.